ಕಡಿಮೆ ಬೆಲೆಯ ಸ್ಮಾರ್ಟ್ ಪ್ಲಗ್, ಕ್ಯಾಮೆರಾ, ಡೋರ್ ಸೆನ್ಸರ್: ಎಷ್ಟು ನಂಬಬಹುದು?

ಸಾವಿರ ರೂಪಾಯಿ ಆಸುಪಾಸಿನ ವೈಫೈ ಪ್ಲಗ್, ಎರಡು-ಮೂರು ಸಾವಿರದ ಕ್ಯಾಮೆರಾ, ಬಾಗಿಲಿಗೆ ಅಂಟಿಸುವ ಸೆನ್ಸರ್. ಈ ಬೆಲೆಯ ಸಾಮಾನಿನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಚಿಪ್ ಅಲ್ಲ. ಒಳಗೆ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ಚಾದ ರಿಲೇ, ಪವರ್ ಸಪ್ಲೈನ ಕೆಪಾಸಿಟರ್, ಮೆಮೊರಿ ಕಾರ್ಡ್, ಇಲ್ಲವೇ ಆ್ಯಪ್‌ಗೂ ಸಾಮಾನಿಗೂ ನಡುವೆ ಇರುವ ಕಂಪನಿಯ ಸರ್ವರ್. ಕೊಳ್ಳುವಾಗ ನೋಡಬೇಕಾದದ್ದೂ ಇವನ್ನೇ.

ಪ್ಲಗ್ ಮೇಲೆ ಬರೆದ ಆಂಪಿಯರ್ ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಕಾಯುವ ಸಾಮಾನಿನ ಲೆಕ್ಕ, ಮೋಟರಿನದಲ್ಲ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್ ಲೆಕ್ಕಕ್ಕೆ ಸಾಕು, ಬಳಕೆಗೆ ಸಾಲದು: ಸಾಕೆಟ್ ಸ್ವಲ್ಪ ಸಡಿಲವಿದ್ದರೂ ಪಿನ್ ಕಾದು ಪ್ಲಾಸ್ಟಿಕ್ ಬಣ್ಣಗೆಡುತ್ತದೆ. ಗೀಸರ್‌ಗೆ 16 ಆಂಪಿಯರ್‌ನದೇ ಇರಲಿ. ಸಂಪಿನ ಮೋಟರ್‌ಗಂತೂ ಯಾವ ಸ್ಮಾರ್ಟ್ ಪ್ಲಗ್ಗನ್ನೂ ನೇರವಾಗಿ ಹಾಕಬಾರದು. ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇಯ ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳುತ್ತವೆ. ಆಮೇಲೆ ಆ್ಯಪ್‌ನಲ್ಲಿ ‘ಆಫ್’ ಎಂದಿರುತ್ತದೆ, ಟ್ಯಾಂಕ್ ತುಂಬಿ ಹರಿಯುತ್ತಲೇ ಇರುತ್ತದೆ. ಸೋನಾಫ್ ಕಂಪನಿಯದಂಥ 10 ಆಂಪಿಯರ್ ಸ್ಮಾರ್ಟ್ ಸ್ವಿಚ್‌ನಿಂದ 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ (ಭಾರಿ ಕರೆಂಟ್ ತಡೆಯುವ ದೊಡ್ಡ ರಿಲೇ) ಎಳೆಸಿ, ಮೋಟರನ್ನು ಆ ಕಾಂಟ್ಯಾಕ್ಟರ್ ಮೂಲಕ ಓಡಿಸುವುದು ಸರಿಯಾದ ದಾರಿ. ಕಾಯಿಲಿಗೆ ಅಡ್ಡಲಾಗಿ ಕಿಡಿ ತಗ್ಗಿಸುವ ಒಂದು ಆರ್‌ಸಿ ಸ್ನಬ್ಬರ್ ಹಾಕಿದರೆ ಸ್ಮಾರ್ಟ್ ಸ್ವಿಚ್‌ನ ರಿಲೇ ಬಾಳುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ. ಇಂಥ ಸ್ವಿಚ್ ನಡೆಯಲು ಬೇಕಾದ ನ್ಯೂಟ್ರಲ್ ತಂತಿ ಗೋಡೆಯ ಬೋರ್ಡಿಗೆ ಬಂದಿದೆಯೇ ಎಂದೂ ಅವರಿಂದಲೇ ನೋಡಿಸಿ, ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಬಂದಿರುವುದಿಲ್ಲ.

ಈ ಬೆಲೆಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಕ್ಯಾಮೆರಾ. ಆದರೆ ಕಾರ್ಡಿನಲ್ಲಿ ಜಿಪುಣತನ ಬೇಡ. ಸೆಕೆಂಡಿಗೆ 1 ಮೆಗಾಬಿಟ್ (1 ಎಂಬಿಪಿಎಸ್) ವೇಗದ ವಿಡಿಯೊ ಎಡೆಬಿಡದೆ ದಾಖಲಾದರೆ ದಿನಕ್ಕೆ 10.8 ಜಿಬಿ, 64 ಜಿಬಿ ಕಾರ್ಡ್ ಆರು ದಿನ ತುಂಬುವ ಮೊದಲೇ ಹಳೆಯದನ್ನು ಅಳಿಸಿ ಬರೆಯತೊಡಗುತ್ತದೆ. ಮೊಬೈಲ್‌ಗೆಂದು ಕೊಂಡ ಸಾದಾ ಕಾರ್ಡ್ ಈ ಬರವಣಿಗೆಗೆ ಸವೆದು, ಒಂದು ದಿನ ಸದ್ದಿಲ್ಲದೆ ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಎಡೆಬಿಡದ ಬರವಣಿಗೆ ತಾಳುವ, ‘ಹೈ ಎಂಡ್ಯೂರೆನ್ಸ್’ ಎಂದಿರುವ ಕಾರ್ಡನ್ನೇ ಕೊಳ್ಳಿ, ತಿಂಗಳಿಗೊಮ್ಮೆ ಹಿಂದಿನ ದಿನದ ವಿಡಿಯೊ ತೆರೆದು ನೋಡಿ. ರಾತ್ರಿ ಸುಮ್ಮಸುಮ್ಮನೆ ಅಲರ್ಟ್ ಬರುತ್ತಿದ್ದರೆ ಕಳ್ಳನಿಗಿಂತ ಮುಂಚೆ ಜೇಡವನ್ನು ಶಂಕಿಸಿ: ಕತ್ತಲಲ್ಲಿ ನೋಡಲು ಕ್ಯಾಮೆರಾ ಬೀರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಗೆ ಲೆನ್ಸ್ ಮುಂದಿನ ಬಲೆ ಬೆಳ್ಳಗೆ ಹೊಳೆಯುತ್ತದೆ, ಅಲ್ಲಿನ ಹುಳ ಹಿಡಿಯಲು ಹಲ್ಲಿಯೂ ಬರುತ್ತದೆ. ವಾರಕ್ಕೊಮ್ಮೆ ಒರೆಸಿ. ಇನ್‌ಫ್ರಾರೆಡ್ ಆರಿಸಿ ಲೆನ್ಸ್‌ನಿಂದ ಸ್ವಲ್ಪ ದೂರದಲ್ಲೊಂದು ಎಲ್‌ಇಡಿ ಬಲ್ಬು ಉರಿಸಿದರೆ ಇನ್ನೂ ವಾಸಿ.

ಟಾಪೋ ಸಿ200ನಂಥ ಕ್ಯಾಮೆರಾಗಳು ಆರ್‌ಟಿಎಸ್‌ಪಿ, ಅಂದರೆ ಬೇರೆ ಸಾಧನಗಳಿಗೂ ನೇರವಾಗಿ ವಿಡಿಯೊ ಕಳಿಸುವ ಸೌಲಭ್ಯ ಕೊಡುತ್ತವೆ; ಆ್ಯಪ್‌ನಲ್ಲಿ ಕ್ಯಾಮೆರಾ ಅಕೌಂಟ್ ಮಾಡಿಕೊಂಡರೆ ಮನೆಯ ಕಂಪ್ಯೂಟರ್‌ನಲ್ಲೇ ವಿಡಿಯೊ ಉಳಿಸಬಹುದು. ಈ ಸೌಲಭ್ಯ ಇಲ್ಲದ ಹೆಸರಿಲ್ಲದ ಕ್ಯಾಮೆರಾ ಐನೂರು ರೂಪಾಯಿ ಕಡಿಮೆಗೆ ಸಿಕ್ಕರೂ ಬೇಡ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ (ವಿಡಿಯೊ ದಾಖಲಿಸುವ ಪೆಟ್ಟಿಗೆ)ಗಳನ್ನೇ 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ದಂಡುಗಟ್ಟಲೆ ವಶಪಡಿಸಿಕೊಂಡಿತ್ತು. ಡಬ್ಬದ ಮೇಲಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಿ.

ಬಾಗಿಲ ಸೆನ್ಸರ್‌ಗಳಲ್ಲಿ ವೈಫೈಗಿಂತ, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಜಿಗ್‌ಬೀ ಎಂಬ ರೇಡಿಯೊ ಸಂಪರ್ಕದ್ದು ಮೇಲು. ವೈಫೈನದು ಪ್ರತಿ ಸಲ ಎದ್ದು ರೂಟರ್‌ಗೆ ಜೋಡಿಸಿಕೊಳ್ಳಬೇಕಾದ್ದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ; ಜಿಗ್‌ಬೀಗೆ ಅದನ್ನು ಇಂಟರ್‌ನೆಟ್‌ಗೆ ಜೋಡಿಸುವ ಹಬ್ ಎಂಬ ಪೆಟ್ಟಿಗೆ ಬೇಕು, ಆದರೆ ನಾಣ್ಯದಂಥ ಸೆಲ್ ವರ್ಷ ದಾಟುತ್ತದೆ. ಬಾಗಿಲಿಗೆ ಅಂಟಿಸುವ ಆಯಸ್ಕಾಂತಕ್ಕೂ ಚೌಕಟ್ಟಿನ ಸೆನ್ಸರ್‌ಗೂ ಒಂದು ಸೆಂಟಿಮೀಟರ್ ಒಳಗೇ ಅಂತರವಿಡಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಆ ಅಂತರ ಬದಲಾಗುತ್ತದೆ, ಕಬ್ಬಿಣದ ಗೇಟಿನಲ್ಲಿ ಆಯಸ್ಕಾಂತದ ಬಲವೇ ಕುಗ್ಗುತ್ತದೆ. 433 ಮೆಗಾಹರ್ಟ್ಸ್ ರೇಡಿಯೊದಲ್ಲಿ ನಡೆಯುವ ಅಗ್ಗದ ಅಲಾರಂ ಕಿಟ್‌ಗಳ ಮಾತು ಬೇರೆ: ಹೆಚ್ಚಿನವುಗಳಲ್ಲಿ ಸೆನ್ಸರ್ ಕಳಿಸಿದ ಸಂಕೇತ ತಲುಪಿತೋ ಇಲ್ಲವೋ ಎಂದು ಕೇಳುವವರಿಲ್ಲ, ಬ್ಯಾಟರಿ ಸತ್ತರೂ ಪೆಟ್ಟಿಗೆ ‘ಎಲ್ಲ ಸರಿಯಿದೆ’ ಎನ್ನುತ್ತದೆ. ಕಾವಲಿಗೆ ಇದನ್ನು ನೆಚ್ಚಬೇಡಿ.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದು ನಮ್ಮ ಊರುಗಳಲ್ಲಿ ದೊಡ್ಡ ಪರೀಕ್ಷೆ. ಪ್ಲಗ್‌ನ ಸೆಟ್ಟಿಂಗ್‌ನಲ್ಲಿ ‘ಪವರ್ ಆನ್ ಸ್ಟೇಟ್’ (ಕರೆಂಟ್ ಬಂದಾಗ ಪ್ಲಗ್ ಇರಬೇಕಾದ ಸ್ಥಿತಿ) ಆಫ್ ಎಂದಿಡಿ. ಇಲ್ಲದಿದ್ದರೆ ನಡುರಾತ್ರಿ ಕರೆಂಟ್ ಬಂದ ಕೂಡಲೇ ಗೀಸರ್ ತಾನೇ ಹೊತ್ತಿಕೊಳ್ಳಬಹುದು. ಇನ್‌ವರ್ಟರ್ ಇದ್ದರೆ ಬ್ಯಾಟರಿಗೆ ಬೇಗ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಬದಲಾವಣೆಯ ಆ ಕ್ಷಣದಲ್ಲೇ ರೂಟರ್ ಆರಿ ಹೊತ್ತಬಹುದು. ಇನ್‌ವರ್ಟರ್ ಇಲ್ಲದವರು ರೂಟರ್ ಅಡಾಪ್ಟರ್‌ನ ವೋಲ್ಟ್, ಆಂಪಿಯರ್ ಓದಿಕೊಂಡು ಅದಕ್ಕೆ ಹೊಂದುವ ಮಿನಿ ಯುಪಿಎಸ್ (ರೂಟರ್‌ಗೆಂದೇ ಇರುವ ಪುಟ್ಟ ಬ್ಯಾಟರಿ ಪೆಟ್ಟಿಗೆ) ತರಲಿ.

ಸರ್ವರ್ ವಿಷಯ ಚಿಕ್ಕದು, ಆದರೆ ಕಹಿ. ಸ್ಮಾರ್ಟ್ ಸ್ವಿಚ್‌, ಹಬ್ ಮಾರುತ್ತಿದ್ದ ಅಮೆರಿಕದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಸರ್ವರ್ ಆರಿಸಿದಾಗ ಅದರ ಹಬ್‌ಗಳನ್ನು ಆ್ಯಪ್‌ನಿಂದ ನಡೆಸಲು ಆಗದೆ ಹೋಯಿತು. ಸಾಮಾನು ಮನೆಗೆ ಬಂದ ದಿನವೇ ರೂಟರ್ ಆನ್ ಇರುವಂತೆಯೇ ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತು, ಮನೆಯ ವೈಫೈನಲ್ಲೇ ಫೋನಿನಿಂದ ಸ್ವಿಚ್ ಒತ್ತಿ ನೋಡಿ. ಕೆಲಸ ಮಾಡದಿದ್ದರೆ ಅದು ಕಂಪನಿಯ ಸರ್ವರ್ ಇಲ್ಲದೆ ನಡೆಯದು ಎಂದರ್ಥ, ರಿಟರ್ನ್ ಅವಧಿ ಮುಗಿಯುವ ಮೊದಲೇ ವಾಪಸ್ ಕಳಿಸಿ.