ಹೊಸ ಹಚ್ಚೆಗೆ ಟೆಗಾಡರ್ಮ್ ಫಿಲ್ಮ್: ಹಾಕ್ಕೊಂಡು ನೋಡಿದ ನರ್ಸ್ ಒಬ್ಬಳ ರಿವ್ಯೂ

ಡ್ರಿಪ್ ಹಾಕಿದಾಗ ಸೂಜಿ ಜಾಗದ ಮೇಲೆ ಪೊರೆ ಥರ ತೆಳ್ಳಗೆ ಪಾರದರ್ಶಕವಾಗಿ ಒಂದು ಅಂಟಿಸಿರ್ತಾರಲ್ಲ, ಅದೇ ಟೆಗಾಡರ್ಮ್, ಮೊದ್ಲು 3ಎಂ ಕಂಪನಿದು, 2024ರಿಂದ ಅದರಿಂದ ಬೇರೆಯಾದ ಸಾಲ್ವೆಂಟಮ್ ಕಂಪನಿದು. ನಾನು ಮೈಸೂರಲ್ಲಿ ಸ್ಟಾಫ್ ನರ್ಸ್, ವಾರ್ಡಲ್ಲಿ ದಿನಾ ಇದನ್ನ ಬೇರೆಯವರ ಕೈಗೆ ಅಂಟಿಸ್ತಾನೇ ಇರ್ತೀನಿ, ಆದ್ರೆ ನನ್ನ ಮೈಮೇಲೆ ಹಾಕ್ಕೊಂಡು ಐದು ದಿನ ಓಡಾಡಿದ್ದು ಇದೇ ಮೊದ್ಲು. ಎಡ ತೋಳಿನ ಮೇಲ್ಗಡೆ ಒಂದು ಸಂಪಿಗೆ ಹೂ ಹಚ್ಚೆ ಹಾಕಿಸ್ಕೊಂಡೆ, 5 ಸೆಂಟಿಮೀಟರ್ ಅಗಲ, 7 ಉದ್ದ, ಯೂನಿಫಾರ್ಮ್ ತೋಳಲ್ಲಿ ಮುಚ್ಕೊಳತ್ತೆ. ಕಂಪನಿಯವರು ಇದನ್ನ ಹಚ್ಚೆಗೆ ಅಂತ ಮಾಡಿದ್ದಲ್ಲ, ಗಾಯಕ್ಕೆ, ಸೂಜಿ ಜಾಗಕ್ಕೆ ಅಂತ ಮಾಡಿದ್ದು. ಆದ್ರೆ ಹೊಸ ಹಚ್ಚೆ ಅಂದ್ರೆ ಗಾಯನೇ ತಾನೆ, ಸಾವಿರಾರು ಸಲ ಸೂಜಿ ಚುಚ್ಚಿದ ಗಾಯ.

ಹಾಕಿಸ್ಕೊಳ್ಳೋ ಒಂದು ವಾರ ಮುಂಚೆನೇ ಒಂದು ಕೆಲಸ ಮಾಡಿದ್ದೆ. ಆನ್‌ಲೈನಲ್ಲಿ ಸಸ್ತಾಕ್ಕೆ ಸಿಗೋ ಟ್ಯಾಟೂ ಫಿಲ್ಮ್ ರೋಲ್ ಒಂದು ತರಿಸಿ, ಅದರದ್ದೊಂದು ಚೂರು, ಟೆಗಾಡರ್ಮಿಂದು ಒಂದು ಚೂರು, ಎರಡನ್ನೂ ಮುಂಗೈ ಒಳಗಡೆ ಪಕ್ಕಪಕ್ಕ ಅಂಟಿಸ್ಕೊಂಡೆ. ಮಾರನೇ ದಿನ ಸಂಜೆ ಹೊತ್ತಿಗೆ ರೋಲಿನ ಚೂರು ಕೆರೆಯೋಕೆ ಶುರುವಾಯ್ತು, ಕಿತ್ತು ನೋಡಿದ್ರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಚೌಕಾಕಾರಕ್ಕೆ ಕೆಂಪಗಾಗಿತ್ತು. ಅದು ಅಂಟಿನ ಅಲರ್ಜಿ. ಆ ರೋಲಿನ ಪ್ಯಾಕೆಟ್ ಮೇಲೆ ಸ್ಟೆರೈಲ್, ಅಂದ್ರೆ ಕ್ರಿಮಿ ಇಲ್ಲದ್ದು, ಅಂತ ಎಲ್ಲೂ ಬರೆದಿರ್ಲಿಲ್ಲ ಕೂಡ, ಹಾಗಾಗಿ ಎತ್ತಿ ಕಸಕ್ಕೆ ಹಾಕ್ದೆ. ಟೆಗಾಡರ್ಮ್ ಚೂರಿನ ಕೆಳಗೆ ಏನೂ ಆಗಿರ್ಲಿಲ್ಲ, ನನ್ನ ಚರ್ಮಕ್ಕೆ ಅದು ಒಗ್ಗಿತು, ನಿಮ್ಮದಕ್ಕೆ ಇದರ ಅಂಟೂ ಆಗದೇ ಇರಬಹುದು, ದಯವಿಟ್ಟು ಮೊದ್ಲು ಟೆಸ್ಟ್ ಮಾಡ್ಕೊಳ್ಳಿ.

ಹಚ್ಚೆ ಹಾಕಿದ ಹುಡುಗ ಸಂಜೆ ತೊಳೆದು ಒರೆಸಿ ಫಿಲ್ಮ್ ಅಂಟಿಸಿ ಕಳಿಸ್ದ. ರಾತ್ರಿ ಹನ್ನೊಂದಕ್ಕೆ ನೋಡ್ಕೋತೀನಿ, ಫಿಲ್ಮ್ ಒಳಗೆ ಕಪ್ಪು ನೀರು ತುಂಬ್ಕೊಂಡು ಸಣ್ಣ ಚೀಲದ ಥರ ಜೋತು ಬಿದ್ದಿದೆ, ಹೂವೇ ಕರಗಿ ಹೋಯ್ತೇನೋ ಅನ್ನೋ ಹಾಗೆ. ಹೆದರ್ಕೋಬೇಡಿ. ಅದು ಗಾಯದಿಂದ ಬರೋ ನೀರು, ಒಂಚೂರು ರಕ್ತ, ಮೇಲೆ ಉಳಿದ ಇಂಕ್. ನಿಲ್ಲಬೇಕಾದ ಇಂಕ್ ಚರ್ಮದ ಒಳಪದರದಲ್ಲಿ, ಸುಮಾರು 1 ರಿಂದ 2 ಮಿಲಿಮೀಟರ್ ಆಳದಲ್ಲಿ ಕೂತಿರತ್ತೆ, ಅದು ಹೀಗೆಲ್ಲ ಹರಿದು ಹೋಗಲ್ಲ. ಆದ್ರೆ ಟೆಗಾಡರ್ಮಿನ ದೊಡ್ಡ ಮೈನಸ್ ಇದೇ, ಇದು ನೀರು ಹೀರ್ಕೊಳ್ಳಲ್ಲ. ಬೆಳಗ್ಗೆ ಹೊತ್ತಿಗೆ ಒಂದು ಅಂಚಲ್ಲಿ ಸೋರಿ ದಿಂಬಿನ ಕವರ್ ಕಲೆಯಾಯ್ತು. ಸೋರೋಕೆ ದಾರಿ ಇದೆ ಅಂದ್ರೆ ಕ್ರಿಮಿ ಒಳಗೆ ಬರೋಕೂ ದಾರಿ ಇದೆ ಅಂತ, ಹಾಗಾಗಿ ಅಲ್ಲೇ ಒತ್ತಿ ಮತ್ತೆ ಅಂಟಿಸೋಕೆ ಹೋಗ್ಬೇಡಿ. ನಾನು ಪೂರ್ತಿ ತೆಗೆದು, ವಾಸನೆ ಇಲ್ಲದ ಸೋಪಲ್ಲಿ ಬರೀ ಕೈಯಿಂದ ತೊಳೆದು, ಹತ್ತು ನಿಮಿಷ ಗಾಳಿಗೆ ಒಣಗಿಸಿ ಎರಡನೇ ಪೀಸ್ ಹಾಕ್ದೆ. ಕೆಳಗೆ ಕ್ರೀಮ್ ಗೀಮ್ ಏನೂ ಹಚ್ಚಬಾರದು, ಅಂಟು ಹಿಡಿಯಲ್ಲ. ಸುತ್ತ ಒಂದು ಇಂಚಾದ್ರೂ ಒಳ್ಳೇ ಚರ್ಮ ಸಿಗ್ಬೇಕು, ನನ್ನ ಹೂವಿಗೆ 10 ಬೈ 12 ಸೆಂಟಿಮೀಟರ್ ಪೀಸ್ ಕರೆಕ್ಟಾಗಿ ಸಾಕಾಯ್ತು. ಮೊಣಕೈ ಮಡಿಕೆ, ಮಂಡಿ ಇಂಥ ಕಡೆ ಇಷ್ಟು ಚೆನ್ನಾಗಿ ನಿಲ್ಲತ್ತೆ ಅಂತ ನಾನು ನಂಬಲ್ಲ.

ಈ ಎರಡನೇ ಪೀಸ್ ನಾಲ್ಕು ದಿನ ಇತ್ತು ನೋಡಿ, ಅಲ್ಲಿ ಇದಕ್ಕೆ ಮನಸೋತೆ. ಡ್ಯೂಟಿ ಮಾಡ್ದೆ, ಸ್ನಾನ ಮಾಡ್ದೆ, ಬಸ್ಸಲ್ಲಿ ನಿಂತು ಜನರ ಮಧ್ಯೆ ಉಜ್ಜಾಡ್ಕೊಂಡು ಬಂದೆ, ಬಟ್ಟೆ ಗಾಯಕ್ಕೆ ಅಂಟಲಿಲ್ಲ, ಹಕ್ಕಳೆ ಅಂತ ದಪ್ಪಗೆ ಏನೂ ಕಟ್ಟಲಿಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಅನ್ನೋರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಫಿಲ್ಮ್ ಮುಚ್ಚಿ ಒದ್ದೆಯಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಮ್ಮಿ ಎರಡರಷ್ಟು ಬೇಗ ಬರತ್ತೆ ಅಂತ ತೋರಿಸಿದ್ರು. ಅದನ್ನ ಓದಿ ಪರೀಕ್ಷೆ ಬರೆದಿದ್ದೆ, ಈಗ ನನ್ನ ತೋಳಲ್ಲೇ ನೋಡಿದ ಹಾಗಾಯ್ತು.

ತೆಗೆಯೋದು ಮಾತ್ರ ನಿಧಾನವಾಗಿ. ಉಗುರುಬೆಚ್ಚಗಿನ ನೀರು ಹುಯ್ಕೊಂಡು, ಒಂದು ಮೂಲೆ ಹಿಡಿದು ಚರ್ಮದ ಉದ್ದಕ್ಕೇ ರಬ್ಬರ್ ಥರ ಎಳೀಬೇಕು, ಮೇಲಕ್ಕೆ ಕೀಳಬಾರದು. ಕೂದ್ಲಿದ್ರೆ ಮೊದ್ಲೇ ಶೇವ್ ಆಗಿದ್ರೆ ಒಳ್ಳೇದು.

ಫಿಲ್ಮ್ ತೆಗೆದ ತಕ್ಷಣ ಎಲ್ಲ ಮುಗೀತು ಅನ್ಕೋಬೇಡಿ, ಆರನೇ ದಿನದಿಂದ ಪೊರೆ ಏಳೋಕೆ ಶುರು, ಬಣ್ಣಬಣ್ಣದ ಹೊಟ್ಟು ಉದುರತ್ತೆ, ಕೆರೆತ ಅಂದ್ರೆ ಕೆರೆತ. ಅಮ್ಮ ಅರಿಶಿನ ಕೊಬ್ಬರಿ ಎಣ್ಣೆ ಹಿಡ್ಕೊಂಡು ಬಂದ್ರು, ನಮ್ಮಜ್ಜಿಗೆ ಕೊರವಂಜಿ ಬಂದು ಹಚ್ಚೆ ಹುಯ್ದಾಗ ಅರಿಶಿನನೇ ಹಚ್ಚಿದ್ದಂತೆ. ಅಜ್ಜಿ ಕೈಮೇಲಿನ ಆ ಹಸಿರು ಚುಕ್ಕಿಗಳು ಕೊನೇವರೆಗೂ ಇದ್ವು, ಅದಕ್ಕೇ ಅಮ್ಮನ ಜೊತೆ ವಾದ ಮಾಡೋಕೆ ಮನಸ್ಸಾಗ್ಲಿಲ್ಲ, ಆದ್ರೂ ಬೇಡ ಅಂದೆ, ಅಡುಗೆಮನೆ ಡಬ್ಬಿ ಅರಿಶಿನ ಸ್ಟೆರೈಲ್ ಅಲ್ಲ. ಮನೇಲಿರೋ ಆಂಟಿಬಯೋಟಿಕ್ ಮುಲಾಮನ್ನೂ ಸುಮ್ಮನೆ ಬಳಿಯಬೇಡಿ, ನಿಯೋಮೈಸಿನ್ ಇರೋ ಮುಲಾಮಿಗೆ ಅಲರ್ಜಿ ಆಗೋರು ಕಮ್ಮಿ ಏನಿಲ್ಲ. ಸುವಾಸನೆ ಇಲ್ಲದ ಸಾದಾ ಲೋಶನ್, ಕಡಲೆಕಾಳಿನಷ್ಟು, ದಿನಕ್ಕೆ ಎರಡು ಸಲ, ಕೆರೆತ ಬಂದ್ರೆ ಅಂಗೈಯಿಂದ ತಟ್ಟೋದು, ನಾನು ಮಾಡಿದ್ದು ಇಷ್ಟೇ. ಮೂರು ವಾರ ಬಿಸಿಲಿಗೆ ಬಟ್ಟೆ ಮುಚ್ಕೊಂಡೆ, ಶ್ರೀರಂಗಪಟ್ಟಣಕ್ಕೆ ಎಲ್ಲರ ಜೊತೆ ಹೋದ್ರೂ ಹೊಳೆಗೆ ಇಳೀಲಿಲ್ಲ. ನಾಲ್ಕನೇ ವಾರ ಹೂ ಮೇಲೆ ಹಾಲು ಚೆಲ್ಲಿದ ಹಾಗೆ ಮಬ್ಬಾಗಿತ್ತು, ಹೊಸ ಚರ್ಮ ಅದು, ಈಗ ಎರಡು ತಿಂಗಳಾಯ್ತು, ಗೆರೆ ಎಲ್ಲ ಚೆನ್ನಾಗಿ ಕಾಣ್ತಿದೆ.

ಕೆಂಪು ಹಚ್ಚೆಯಿಂದ ಆಚೆಗೆ ಹರಡ್ತಾ ಇದ್ರೆ, ಮುಟ್ಟಿದ್ರೆ ಬಿಸಿ ಅನ್ಸಿದ್ರೆ, ಕೀವು ಅಥವಾ ಜ್ವರ ಬಂದ್ರೆ ಫಿಲ್ಮ್ ತೆಗೆದು ಡಾಕ್ಟರ್ ಹತ್ರ ಹೋಗಿ, ಇನ್ಫೆಕ್ಷನ್ ಆದ ಗಾಯವನ್ನ ಇದರಿಂದ ಮುಚ್ಚಿಡಬಾರದು. ಇನ್ನೊಂದು, ಹಚ್ಚೆ ಹಾಕಿಸ್ಕೊಂಡ್ರೆ ನಮ್ಮಲ್ಲಿ 12 ತಿಂಗಳು ರಕ್ತದಾನ ಮಾಡೋ ಹಾಗಿಲ್ಲ, ನಾನು ಅದಕ್ಕೇ ಹಿಂದಿನ ವಾರವೇ ಕೊಟ್ಟು ಬಂದಿದ್ದೆ, ನೀವೂ ಹಾಗೇ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್, ಆ ಮೊದಲ ರಾತ್ರಿ ಸೋರಿದ್ದಕ್ಕೆ ಒಂದು ಕಮ್ಮಿ. ಮುಂದಿನ ತಿಂಗಳು ತಂಗಿ ಹಾಕಿಸ್ಕೋತಿದಾಳೆ, ಅವಳಿಗೆ ಮೂರು ಪೀಸ್ ತಂದಿಟ್ಟಿದೀನಿ, ಒಂದು ಚೂರು ಆಗ್ಲೇ ಅವಳ ಮುಂಗೈ ಮೇಲಿದೆ, ನಾಳೆ ಸಂಜೆ ತೆಗೆದು ನೋಡ್ಬೇಕು.