ಹಿತ್ತಲಿಗೆ ಅಗ್ಗದ ಪಾಲಿಹೌಸ್ ಹಾಕಿಸುವವರೇ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯವರು "ಸುಮ್ನಿರು, ಊರವರೆಲ್ಲ ಓದ್ತಾರೆ" ಅಂದರು. ಓದಲಿ. 26,000 ರೂಪಾಯಿ ಹೋಗಿದೆ. ನನ್ನ ಚೀಟಿ ದುಡ್ಡು. ಇನ್ನೊಬ್ಬರ ದುಡ್ಡೂ ಅದೇ ಜೇಬಿಗೆ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್ ಬಂತು ಅಂದರೆ ಹಿತ್ತಲಿನ ತರಕಾರಿ ಕಥೆ ಮುಗಿಯಿತು. ಕೊತ್ತಂಬರಿ ಬಿತ್ತಿದರೆ ಕೊಳೆಯುತ್ತದೆ, ಟೊಮೇಟೊ ಎಲೆ ಕಪ್ಪಾಗಿ ಸುರುಟುತ್ತದೆ. ಹಾಗಾಗಿ 20 ಅಡಿ ಉದ್ದ, 10 ಅಡಿ ಅಗಲದ ಒಂದು ಸಣ್ಣ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟು ಹೊದಿಸಿದ ಹಸಿರುಮನೆ, ಮಾಡಿಕೊಳ್ಳಬೇಕು ಅಂತ ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತಿತ್ತು.

ಹೊಟ್ಟೆ ಉರಿಯುವುದು ಯಾಕೆ ಅಂದರೆ ನನ್ನ ಮೊದಲಿನ ಪ್ಲಾನ್ ಸರಿಯಾಗೇ ಇತ್ತು. ಅಡಿಕೆ ಮರದ ಕಂಬ, ಬಿದಿರಿನ ಕಮಾನು, ಮೇಲೆ ಒಂದು ಒಳ್ಳೆ ಶೀಟು. ಕಂಬಕ್ಕೆ ತೋಟದಲ್ಲಿ ಬಿದ್ದ ಮರ ಇತ್ತು. ಬಿದಿರು ನಮ್ಮದೇ ಮೆಳೆಯದ್ದು. ದುಡ್ಡು ಹಾಕಬೇಕಾದದ್ದು ಶೀಟಿಗೆ ಮಾತ್ರ. "ಈ ಭಾನುವಾರ ಮಾಡೋಣ" ಅಂತ ಮನೆಯವರು ಎಂಟು ಭಾನುವಾರ ಹೇಳಿದರು. ಒಂಬತ್ತನೇ ಭಾನುವಾರ ಮೊಬೈಲಲ್ಲಿ ಆ ವಿಡಿಯೋ ಬಂತು.

"25 ಸಾವಿರದೊಳಗೆ ನಿಮ್ಮ ಹಿತ್ತಲಲ್ಲೇ ಪಾಲಿಹೌಸ್! ಒಂದೇ ದಿನದಲ್ಲಿ ಫಿಟಿಂಗ್!" ಕೆಂಪು ಟೊಮೇಟೊ, ನಗುವ ಹೆಂಗಸು, ಹಿಂದೆ ಮ್ಯೂಸಿಕ್ಕು. ಕೆಳಗೆ ನಂಬರ್. ಫೋನ್ ಮಾಡಿದೆ.

ಅವನ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಮುಟ್ಟಲಿ.

ಮಾತು ಅಂದರೆ ಮಾತು. ಎಂಥಾ ಸಿಹಿ. "ಅಕ್ಕಾ, ನೀವು ಏನೂ ಟೆನ್ಷನ್ ತಗೋಬೇಡಿ. ಜಿಐ ಪೈಪು, 200 ಮೈಕ್ರಾನ್ ಯುವಿ ಶೀಟು, ಮೂರು ವರ್ಷ ಗ್ಯಾರಂಟಿ. ಅಲ್ಯೂಮಿನಿಯಂ ಪ್ರೊಫೈಲು, ಜಿಗ್‌ಜಾಗ್ ಸ್ಪ್ರಿಂಗು, ಸೈಡಿಗೆ ಇನ್ಸೆಕ್ಟ್ ನೆಟ್ಟು. ಎಲ್ಲಾ ಸೇರಿ 24,500. ನಿಮ್ಮ ತಮ್ಮ ಅನ್ಕೊಳ್ಳಿ." ತಮ್ಮ ಅಂತೆ. ನನಗೆ ನಿಜವಾದ ತಮ್ಮ ಇದ್ದಾನೆ, ಅವನಿಗೆ ಒಂದು ಮಾತು ಕೇಳಿದ್ದರೂ ಸಾಕಿತ್ತು. (ಗೊತ್ತಿಲ್ಲದವರಿಗೆ: ಜಿಐ ಅಂದರೆ ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಕಬ್ಬಿಣ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಶೀಟಿನ ದಪ್ಪದ ಲೆಕ್ಕ. ಯುವಿ ಶೀಟು ಅಂದರೆ ಬಿಸಿಲಿಗೆ ಬೇಗ ಹಾಳಾಗದ ಶೀಟು. ಜಿಗ್‌ಜಾಗ್ ಸ್ಪ್ರಿಂಗ್ ಅಂದರೆ ತೂತು ಮಾಡದೆ ಶೀಟನ್ನು ಪ್ರೊಫೈಲಿನ ಕಾಲುವೆಯಲ್ಲಿ ಒತ್ತಿ ಹಿಡಿಯುವ ತಂತಿ.)

ಆಮೇಲೆ ಇನ್ನೊಂದು ಗಾಳ ಹಾಕಿದ. "ಅಕ್ಕಾ, ಇದಕ್ಕೆ 50% ಸಬ್ಸಿಡಿ ಇದೆ. ಪಹಣಿ, ಆಧಾರ್ ಜೆರಾಕ್ಸ್ ಕಳಿಸಿ. ಫೈಲ್ ಖರ್ಚು 1,500 ಅಷ್ಟೇ. ನಿಮಗೆ ಬೀಳೋದು ಬರೀ ಹನ್ನೆರಡು ಸಾವಿರ." ನಾನು ಬಿದ್ದದ್ದು ಇಲ್ಲೇ. ಅಡ್ವಾನ್ಸ್ 15,000, ಫೈಲಿಗೆ 1,500, ಅವತ್ತೇ ಫೋನ್‌ಪೇ ಮಾಡಿದೆ. ಬಿಲ್ ಕೇಳಿದೆ, ಕೇಳಲಿಲ್ಲ ಅಂತಲ್ಲ. "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರತ್ತೆ ಅಕ್ಕಾ, ನಿಮಗ್ಯಾಕೆ ಸುಮ್ನೆ ಲಾಸು?" ಅಂದ. ನನಗೆ ಲಾಸ್ ಆಗಬಾರದು ಅಂತ ಎಷ್ಟು ಕಾಳಜಿ ನೋಡಿ.

ಏಪ್ರಿಲ್ ಕೊನೆಗೆ ಟಾಟಾ ಏಸ್‌ನಲ್ಲಿ ಇಬ್ಬರು ಹುಡುಗರು ಸಾಮಾನು ತಂದರು. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದನ್ನು ಮಾಡಿದರು. ಆದರೆ ಕಂಬ ನೆಟ್ಟದ್ದು ಬರೀ ಒಂದಡಿ ಆಳ. ಕಾಂಕ್ರೀಟ್ ಇಲ್ಲ, ಕಲ್ಲು ತುಂಬಲಿಲ್ಲ, ಮಣ್ಣು ಹಾಕಿ ತುಳಿದರು. ನಮ್ಮ ದನದ ಗೂಟ ಇದಕ್ಕಿಂತ ಆಳಕ್ಕೆ ಹೋಗಿದೆ. ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. "ಇಲ್ಲಿ ಸುರಿಯೋ ಮಳೆಗೆ ಇಳಿಜಾರು ಬೇಡ್ವೇನಪ್ಪಾ?" ಅಂತ ಕೇಳಿದೆ. "ಡಿಸೈನೇ ಹಂಗೆ ಅಕ್ಕಾ" ಅಂದರು. ಜಿಗ್‌ಜಾಗ್ ಸ್ಪ್ರಿಂಗ್ ಎಲ್ಲಿ ಅಂದರೆ ಸ್ಟಾಕ್ ಇಲ್ಲವಂತೆ. ಶೀಟನ್ನು ಕಟ್ಟುತಂತಿಯಲ್ಲಿ ಪೈಪಿಗೆ ಬಿಗಿದರು. ತಂತಿ ಚುಚ್ಚಿದ ಕಡೆಯಲ್ಲೆಲ್ಲ ತೂತು. ತೂತು ಬಿದ್ದ ಪ್ಲಾಸ್ಟಿಕ್ ಗಾಳಿಗೆ ಎಲ್ಲಿಂದ ಹರಿಯುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ದುಡ್ಡು ಕೊಟ್ಟಾಗಿತ್ತಲ್ಲ.

ಆ ಮಹಾಶಯ ಬಂದದ್ದು ಸಂಜೆ. ಅರ್ಧ ಗಂಟೆ ಇದ್ದ. ಎರಡು ಲೋಟ ಮುರುಗಲು ಪಾನಕ ಕುಡಿದ. "ಅಜ್ಜೀ, ಬುಟ್ಟಿ ಹಿಡ್ಕೊಂಡು ಈ ಕಡೆ ನೋಡಿ" ಅಂತ ನಮ್ಮ ಅತ್ತೆಯನ್ನು ನಿಲ್ಲಿಸಿ ವಿಡಿಯೋ ತೆಗೆದ. ಬಾಕಿ 9,500 ತಗೊಂಡು ಹೋದ. ಆಮೇಲೆ ಅವನ ಮುಖ ನಾನು ನೋಡಿಲ್ಲ.

ಮೇ ತಿಂಗಳಲ್ಲಿ ಒಳಗೆ ಹೋದರೆ ಇಡ್ಲಿ ಪಾತ್ರೆ. ಬಿಸಿಗಾಳಿ ಹೊರಗೆ ಹೋಗೋಕೆ ಮೇಲೆ ಕಿಂಡಿ ಇಲ್ಲ. ಅರ್ಕಾ ರಕ್ಷಕ್ ಟೊಮೇಟೊ ಬೀಜ ತರಿಸಿ ಪ್ರೋಟ್ರೇ ಅನ್ನುವ ಗುಳಿ ತಟ್ಟೆಯಲ್ಲಿ ಸಸಿ ಮಾಡಿದ್ದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ ಅದು. ಮೂರು ರೋಗ ತಡೆಯುವ ಗಿಡ, ಆ ಬಿಸಿ ತಡೆಯಲಿಲ್ಲ. ಫೋನ್ ಮಾಡಿದರೆ, "ಪಾಲಿಹೌಸ್ ಅಂದ್ಮೇಲೆ ಬಿಸಿ ಇರಲೇಬೇಕಲ್ಲ ಅಕ್ಕಾ!" ಇನ್ನೂ ಅಕ್ಕಾ ಇತ್ತು ಆಗ.

ಮೃಗಶಿರ ಮಳೆ ಶುರುವಾಯಿತು. ನಾನು ಹೆದರಿದ್ದೇ ಆಯಿತು. ಚಪ್ಪಟೆ ಮಾಡಿನ ಮೇಲೆ ನೀರು ನಿಂತು ಶೀಟಿಗೆ ಹೊಟ್ಟೆ ಬಂತು, ತುಂಬು ಬಸುರಿಯ ಹಾಗೆ. ಮೊದಲು ಒಂದು ಹೊಟ್ಟೆ, ಆಮೇಲೆ ಮೂರು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಮ್ಮದು 18 ಚದರ ಮೀಟರಿಗೂ ಸ್ವಲ್ಪ ಜಾಸ್ತಿ. ನಮ್ಮ ಕಡೆ ದಿನಕ್ಕೆ 100 ಮಿಲಿಮೀಟರ್ ಬಿದ್ದರೆ ಯಾರೂ ಅದನ್ನು ಸುದ್ದಿ ಅನ್ನೋಲ್ಲ. ಅಂದರೆ ಸಾವಿರದ ಎಂಟುನೂರು ಲೀಟರ್ ಆ ಶೀಟಿನ ಮೇಲಿಂದ ಇಳಿದು ಹೋಗಬೇಕು. ಇಳಿಯೋಕೆ ಇಳಿಜಾರೇ ಇಲ್ಲ. ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಮಳೆಗೆ ಹೊದೆಯುವ ಕೊಪ್ಪೆ ಹಾಕಿಕೊಂಡು ಹೋಗಿ, ಕೋಲಿನ ತುದಿಗೆ ಬಟ್ಟೆ ಸುತ್ತಿ, ಒಳಗಿನಿಂದ ಹೊಟ್ಟೆ ಎತ್ತಿ ನೀರು ಚೆಲ್ಲಿದ್ದೇನೆ. ಕೊತ್ತಂಬರಿ ಸೊಪ್ಪಿಗೋಸ್ಕರ!

ಆರಿದ್ರಾ ಮಳೆಯ ಮೂರನೇ ರಾತ್ರಿ ಅದು ಹರಿಯಿತು. ಬೆಳಿಗ್ಗೆ ನೋಡಿದರೆ ಎರಡು ಕಂಬ ವಾಲಿವೆ, ಪಾತಿ ಪೂರ್ತಿ ಕೆಸರು, ಶೀಟು ಉದ್ದಕ್ಕೆ ಸೀಳಿದೆ. ಪೈಪಿಗೆ ತಾಗಿಕೊಂಡಿದ್ದ ಕಡೆ ಹಳದಿ ಆಗಿ, ಮಡಿಸಿದರೆ ಹಪ್ಪಳದ ಹಾಗೆ ಚಟ್ ಅನ್ನುತ್ತಿತ್ತು. ಹಾಕಿ ಎರಡು ತಿಂಗಳು ಅಷ್ಟೇ. ಎರಡೇ ತಿಂಗಳು.

ಈಗ ಹೇಳುವುದು ಇದೆಯಲ್ಲ, ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹರಿದ ಶೀಟನ್ನು ಏನು ಮಾಡುವುದು? ಕಟ್ಟಿಗೆ ರಾಶಿ ಮೇಲೆ ಹೊದೆಸೋಣ ಅಂತ ಮನೆಯವರು ಎಳೆದುಕೊಂಡು ಹೋದರು. ರಾಶಿ ಮೇಲೆ ಹೋದ ವರ್ಷ ತಂದ ಶೀಟು ಇತ್ತು, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತಂದದ್ದು. ಅದರ ಪಕ್ಕ ಇದನ್ನು ಹಾಸಿದರು. ಅದೇ ದಪ್ಪ. ಅದೇ ಮಂಕು ಬಿಳಿ. ಮುದುಡಿದರೆ ಅದೇ ಸದ್ದು. ಯಾರೂ ಮಾತಾಡಲಿಲ್ಲ. ಅತ್ತೆ ಬಂದು ಎರಡನ್ನೂ ಮುಟ್ಟಿ ನೋಡಿದರು. "ಇದು ಕಟ್ಟಿಗೆ ಮೇಲಿನ ಪ್ಲಾಸ್ಟಿಕ್ಕೇ ಅಲ್ವೇನೇ?" ಅಂದರು.

ಹೌದು ಅತ್ತೆ. ಕಟ್ಟಿಗೆ ಮೇಲಿನ ಪ್ಲಾಸ್ಟಿಕ್ಕೇ. 26,000 ಕೊಟ್ಟು ತಂದದ್ದು.

ಸರಿ, ಅನುಮಾನ ಬೇಡ ಅಂತ ಸರಿಯಾಗಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಕತ್ತರಿಸಿ, ಒರೆಸಿ ಒಣಗಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಡಿಸಿದೆ. 94 ಗ್ರಾಂ. 200 ಮೈಕ್ರಾನ್ ಶೀಟು ಆಗಿದ್ದರೆ ಸುಮಾರು 184 ಗ್ರಾಂ ತೂಗಬೇಕು. ಅಂದರೆ ನನಗೆ ಕೊಟ್ಟದ್ದು 100 ಮೈಕ್ರಾನ್, ಅಂಗಡಿಯವರ ಭಾಷೆಯಲ್ಲಿ 400 ಗೇಜ್. ಮಾತಾಡಿದ್ದು 800 ಗೇಜ್. ಸರಿಯಾಗಿ ಅರ್ಧ! ಹಾರ್ಡ್‌ವೇರ್ ಅಂಗಡಿಯವರು ಲೆಕ್ಕ ಹೇಳಿಕೊಟ್ಟರು, ಒಂದು ಕೆಜಿಗೆ ಸುಮಾರು ಐದೂವರೆ ಚದರ ಮೀಟರ್ ಬಂದರೆ 200 ಮೈಕ್ರಾನ್. ಹತ್ತರ ಮೇಲೆ ಬಂತು ಅಂದರೆ ನಿಮಗೆ ಟೋಪಿ. "ಮೊದಲೇ ಕೇಳಿದ್ರೆ ಹೇಳ್ತಿದ್ವಲ್ಲ" ಅಂತ ನಕ್ಕರು ಬೇರೆ.

ಪೈಪು ಜಿಐ ಅಂತಲೂ ಅಲ್ಲ. ವಾಲಿದ ಕಂಬದ ತುದಿಯೊಳಗೆ ಬೆರಳು ಹಾಕಿದರೆ ಬೆರಳು ಕೆಂಪು. ಮಾಮೂಲಿ ಕಬ್ಬಿಣಕ್ಕೆ ಹೊರಗಿನಿಂದ ಬೆಳ್ಳಿ ಬಣ್ಣ ಹೊಡೆದಿದ್ದಾರೆ. ಕಾಸಿನಿಂದ ಕೆರೆದರೆ ಬಣ್ಣ ಎದ್ದು ಬರುತ್ತದೆ.

ಇನ್ನು ಅವನ ಉತ್ತರಗಳು. ಎಲ್ಲಾ ವಾಟ್ಸಾಪಲ್ಲಿ ಇವೆ, ಒಂದನ್ನೂ ಅಳಿಸಿಲ್ಲ.

ಹರಿದ ಫೋಟೋ ಕಳಿಸಿದ ದಿನ: "ಈ ಸಲ ಮಳೆ ಜಾಸ್ತಿ ಅಕ್ಕಾ. ನ್ಯಾಚುರಲ್ ಕಲಾಮಿಟಿ ಗ್ಯಾರಂಟಿಗೆ ಬರಲ್ಲ." ಆರಿದ್ರಾದಲ್ಲಿ ಮಳೆ ಬಂದರೆ ಕಲಾಮಿಟಿಯಂತೆ! ಸಾಗರದಲ್ಲಿ!

ಮರುದಿನ: "ನೀವು ಕೋಲಲ್ಲಿ ಚುಚ್ಚಿರ್ತೀರಿ." ಕೋಲಿಗೆ ಬಟ್ಟೆ ಸುತ್ತಿದ್ದೆ ಮಾರಾಯ, ನಿನ್ನ ಮಾನ ಉಳಿಸೋಕೆ ನಾಲ್ಕು ರಾತ್ರಿ ನಿದ್ದೆ ಬಿಟ್ಟಿದ್ದೆ.

ತೂಕದ ಫೋಟೋ ಕಳಿಸಿದ ಮೇಲೆ ಅಕ್ಕಾ ಹೋಗಿ ಮೇಡಂ ಬಂತು. "ಮೇಡಂ, ಕಿರಾಣಿ ಅಂಗಡಿ ತಕ್ಕಡೀಲಿ ಮೈಕ್ರಾನ್ ನೋಡಕ್ಕಾಗಲ್ಲ." ಸರಿ, ಯುವಿ ಇದೆ ಅಂತಾದರೂ ತೋರಿಸು, ರೋಲ್ ಮೇಲಿನ ಪ್ರಿಂಟ್ ಫೋಟೋ ಕಳಿಸು ಅಂದೆ. ಅದಕ್ಕೆ ಬಂದ ಉತ್ತರ ನಮ್ಮ ಮನೆಯಲ್ಲಿ ಈಗ ಗಾದೆಯಾಗಿದೆ: "ಯುವಿ ಕಣ್ಣಿಗೆ ಕಾಣಲ್ಲ ಮೇಡಂ."

ಗ್ಯಾರಂಟಿ ಎಲ್ಲಿ ಅಂದೆ. "ಗ್ಯಾರಂಟಿ ಪೈಪಿಗೆ, ಶೀಟಿಗಲ್ಲ." ಪೈಪಿನ ತುಕ್ಕು ತೋರಿಸಿದೆ. "ಅದು ವೆಲ್ಡಿಂಗ್‌ನವನ ತಪ್ಪು, ನಮ್ಮದಲ್ಲ." ಜಿಗ್‌ಜಾಗ್ ಸ್ಪ್ರಿಂಗ್? "ಕಂಪನಿಗೆ ಹೇಳಿದೀನಿ." ಯಾವ ಕಂಪನಿ? ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಒಂದು ಕೈಮುಗಿಯುವ ಚಿತ್ರ ಕಳಿಸಿದ. ಕೊನೆಯ ಸಂದೇಶದಲ್ಲಿ ಮೇಡಮ್ಮೂ ಹೋಗಿ "ನೋಡ್ರೀ" ಆಗಿತ್ತು: "ನೋಡ್ರೀ, ಬಿಲ್ ಇದ್ರೆ ಮಾತಾಡಿ." ಬ್ಲಾಕ್.

ಬಿಲ್ ಬೇಡ ಅಂದವನೇ ಅವನು.

ಸಬ್ಸಿಡಿ ಫೈಲ್ ಏನಾಯಿತು ಅಂತ ತಾಲೂಕು ತೋಟಗಾರಿಕೆ ಕಚೇರಿಗೆ ಹೋದೆ. ಅಲ್ಲಿದ್ದವರು ಪಾಪ, ನಗದೆ ವಿವರಿಸಿದರು. ಮೊದಲು ರೈತರೇ ಅರ್ಜಿ ಕೊಡಬೇಕು, ಮಂಜೂರಾಗಿ ಕಾರ್ಯಾದೇಶ ಬಂದ ಮೇಲೆ ಕಟ್ಟಬೇಕು. ಕಟ್ಟಿ ಮುಗಿಸಿ, ಅದೂ ಹರಿದುಹೋದ ಮೇಲೆ ಬಂದರೆ ಏನೂ ಆಗುವುದಿಲ್ಲ. ನನ್ನ ಹೆಸರಲ್ಲಿ ಯಾವ ಅರ್ಜಿಯೂ ಇಲ್ಲ. ಹಾಗಾದರೆ ನನ್ನ ಆಧಾರ್, ಪಹಣಿ ಜೆರಾಕ್ಸ್ ಎಲ್ಲಿವೆ? ಅದು ಈಗಿನ ಹೊಸ ತಲೆಬಿಸಿ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ಬಿಲ್ ಇಲ್ಲ ಅಂತ ಸುಮ್ಮನೆ ಕೂರಬೇಡಿ. ಫೋನ್‌ಪೇ ಕಟ್ಟಿದ ದಾಖಲೆ, ವಾಟ್ಸಾಪ್ ಮಾತು, ಫೋಟೋ, ಎಲ್ಲಾ ಜೋಡಿಸಿಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗದ ತನಕ ಹೋಗುವುದೇ. ದುಡ್ಡು ಬರುತ್ತೋ ಇಲ್ಲವೋ, ಅವನು ಒಂದು ಸಲವಾದರೂ ಬಂದು ನಿಲ್ಲಲಿ.

ನಿಮಗೆ ಹೇಳುವುದು ಇಷ್ಟೇ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಶೀಟು ಬಂದ ದಿನವೇ, ಕಟ್ಟುವ ಮೊದಲೇ ತುಂಡು ಕತ್ತರಿಸಿ ತೂಗಿಸಿ. ಹಸಿರುಮನೆ ಫಿಲ್ಮಿಗೆ ಐಎಸ್ 15827 ಅಂತ ಮಾನಕ ಇದೆ, ಬಿಲ್ಲಿನಲ್ಲಿ ಅದನ್ನೂ ಮೈಕ್ರಾನನ್ನೂ ಬರೆಸಿ. ಬರೆಯೋಲ್ಲ ಅಂದರೆ ಪಾನಕ ಕೂಡ ಕೊಡದೆ ವಾಪಸ್ ಕಳಿಸಿ. ಮಾಡು ಕಡಿದಾಗಿರಲಿ, ಮಲೆನಾಡಿನವರು ಹೆಂಚಿನ ಮನೆಗೆ ಇಟ್ಟಷ್ಟೇ ಇಳಿಜಾರು ಇಡಿ. "ನಿಮ್ಮ ತಮ್ಮ ಅನ್ಕೊಳ್ಳಿ" ಅಂದರೆ ಫೋನ್ ಇಟ್ಟುಬಿಡಿ.

ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಮನೆಯವರು, ನಾನು, ನನ್ನ ನಿಜವಾದ ತಮ್ಮ ಸೇರಿ ಅಡಿಕೆ ಕಂಬ, ಬಿದಿರಿನ ಕಮಾನು ಹಾಕಿ ಅದೇ ಜಾಗದಲ್ಲಿ ಕಟ್ಟಿದೆವು. ಕಂಬ ಎರಡಡಿ ಆಳ, ಸುತ್ತ ಕಲ್ಲು. ಬಿದಿರಿನ ಗಂಟು ಕೆತ್ತಿ ನುಣುಪು ಮಾಡಿ ಹಳೇ ಸೀರೆ ಸುತ್ತಿದೆವು, ಶೀಟಿಗೆ ಚುಚ್ಚಬಾರದಲ್ಲ. ಎರಡು ತುದಿ ತೆರೆದಿಟ್ಟು ಬರೀ ಬಲೆ ಕಟ್ಟಿದ್ದೇವೆ. ಶೀಟು ಆರು ಕೆಜಿ ಚಿಲ್ಲರೆ ಬಿತ್ತು, ಬಿಲ್ ಸಮೇತ. ಎಲ್ಲಾ ಸೇರಿ ಐದು ಸಾವಿರದೊಳಗೆ ಮುಗಿಯಿತು. ಕೊತ್ತಂಬರಿ ಎರಡೆಲೆ ಬಂದಿದೆ.

ಮೊನ್ನೆ ತಮ್ಮನ ಮೊಬೈಲಲ್ಲಿ ಅವನ ಹೊಸ ವಿಡಿಯೋ ಬಂತು. ಅದೇ ಮ್ಯೂಸಿಕ್ಕು, ರೇಟು ಮಾತ್ರ ಈಗ 27,500. "ನಮ್ಮ ಗ್ರಾಹಕರ ಖುಷಿ ನೋಡಿ" ಅಂತ ಕೆಳಗೆ ಬರೆದಿದ್ದಾನೆ. ಹಲಸಿನ ಮರದ ಪಕ್ಕ ಹೊಸಾ ಪಾಲಿಹೌಸು, ಅದರ ಮುಂದೆ ಹಸಿರು ಸೀರೆ ಉಟ್ಟು, ಖಾಲಿ ಬುಟ್ಟಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಒಬ್ಬರು ಅಜ್ಜಿ. ನಿಮ್ಮ ಮೊಬೈಲಿಗೂ ಆ ವಿಡಿಯೋ ಬಂದರೆ ಗುರುತು ಹಿಡಿಯಿರಿ. ಅದು ನಮ್ಮ ಅತ್ತೆ.