ಪ್ರಾಂಗ್‌ಹಾರ್ನ್ ಬೇಟೆಗೆ ಕೋವಿ ಕೊಳ್ಳೋರು ಓದಿ, ನನ್ನ ಹಾಗೆ ಮಂಗ ಆಗಬೇಡಿ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಇರೋ ನಮ್ಮವರಲ್ಲಿ ನಾಲ್ಕೈದು ಜನ ಈಗ ಬೇಟೆ ಕಲೀತಿದ್ದಾರೆ. ಅವರಿಗೋಸ್ಕರ ಇದು. ಬರೆಯೋಕೆ ನಾಚಿಕೆ ಆಗುತ್ತಿದೆ. ಸಿಟ್ಟೂ ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

ಮೂರು ವರ್ಷ ಪಾಯಿಂಟ್ ಕೂಡಿಟ್ಟ ಮೇಲೆ ಈ ಸಲ ಪಕ್ಕದ ವಯೋಮಿಂಗ್ ರಾಜ್ಯದ ಡ್ರಾದಲ್ಲಿ, ಅಂದರೆ ಬೇಟೆ ಪರವಾನಗಿಯ ಲಾಟರಿಯಲ್ಲಿ, ನನಗೆ ಪ್ರಾಂಗ್‌ಹಾರ್ನ್ ಟ್ಯಾಗ್ ಬಂತು. ಟ್ಯಾಗ್ ಅಂದರೆ ಒಂದು ಪ್ರಾಣಿ ಹೊಡೆಯೋ ಅನುಮತಿ. ಪ್ರಾಂಗ್‌ಹಾರ್ನ್ ಜಿಂಕೆಯ ಥರ ಕಾಣೋ ಬಯಲು ಪ್ರಾಣಿ. ಅಲ್ಲಿಯ ಜನ ಅದನ್ನ ಆಂಟಿಲೋಪ್ ಅಂತಲೇ ಕರೆಯೋದು. ರಾಣೆಬೆನ್ನೂರಿನ ಕೃಷ್ಣಮೃಗದ ನಂಟ ಇರಬೇಕು ಅಂದುಕೊಂಡಿದ್ದೆ. ಅಲ್ಲವಂತೆ, ಈಗ ಉಳಿದಿರೋ ಪ್ರಾಣಿಗಳಲ್ಲಿ ಜಿರಾಫೆಯ ಕುಟುಂಬವೇ ಅದಕ್ಕೆ ಹತ್ತಿರದ್ದಂತೆ! ಗಂಟೆಗೆ 88 ಕಿಲೋಮೀಟರ್ ಓಡುತ್ತದೆ. ಗಂಡು ಅಂದರೂ ಐವತ್ತು ಕೆಜಿ ಆಸುಪಾಸು ಅಷ್ಟೇ. ಬಯಲಲ್ಲಿ ಮರೆ ಇಲ್ಲ, ಅದರ ಕಣ್ಣು ಬಲು ಚುರುಕು, ಗಾಳಿ ಬೇರೆ. ದೂರದಿಂದಲೇ ಈಡು ಇಡಬೇಕಾಗುತ್ತದೆ.

ನನಗೆ ಕೋವಿ ಹೊಸದಲ್ಲ ಅನ್ನೋ ಕೊಬ್ಬು ಇತ್ತು. ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಬೆಳೆ ಕಾಯೋಕೆ ಲೈಸೆನ್ಸ್ ಇರೋ ಜೋಡಿನಳಿಗೆ ಕೋವಿ ಇದೆ. ಎಲೆಕ್ಷನ್ ಬಂದಾಗ ಅದನ್ನ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರೋದು ನನ್ನದೇ ಕೆಲಸ ಆಗಿತ್ತು. ಆದರೆ ಅದು ಚರೆ ಹಾರಿಸೋ ಕೋವಿ, ನಳಿಗೆಯ ಒಳಗೆಲ್ಲ ನುಣ್ಣಗೆ. ರೈಫಲ್ ನಳಿಗೆಯಲ್ಲಿ ಸುರುಳಿ ಗೆರೆ ಇರುತ್ತದೆ, ಗುಂಡು ಅದರಲ್ಲಿ ತಿರುಗುತ್ತಾ ಹೊರಗೆ ಬರುತ್ತದೆ ಅನ್ನೋದು ಗೊತ್ತಿತ್ತು. ಆ ಸುರುಳಿಗೂ ಒಂದು ಲೆಕ್ಕ ಇದೆ, ಎಷ್ಟು ಇಂಚಿಗೆ ಒಂದು ಸುತ್ತು ಅಂತ, ಅದು ಮಾತ್ರ ಗೊತ್ತಿರಲಿಲ್ಲ. ನಾನು ಬಿದ್ದಿದ್ದೇ ಅಲ್ಲಿ.

ಕೋವಿ ಅಂಗಡಿಯವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ವಯೋಮಿಂಗ್, ಪ್ರಾಂಗ್‌ಹಾರ್ನ್, ಭುಜದ ಆಪರೇಷನ್ ಆಗಿದೆ, ಜಾಸ್ತಿ ಒದೆಯೋದು ಬೇಡ. ಅವನ ಹಿಂದೆಯೇ ಒಂದು .243 ರೈಫಲ್ ನಿಂತಿತ್ತು (ಈ ಅಂಕಿ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ), ಕೈ ತೋರಿಸಿದೆ. "ನಿನ್ನ ಭುಜಕ್ಕೆ ಅದು ಆಗಲ್ಲ ಬಡ್ಡಿ" ಅಂದ. (ಇಂಗ್ಲಿಷಿನ ಬಡ್ಡಿ, ಅಂದರೆ ದೋಸ್ತ.) ಪಕ್ಕದಿಂದ ಅದಕ್ಕಿಂತ ಸಣ್ಣ ಗುಂಡಿನ ಒಂದು ಹಳೇ .22-250 ತೆಗೆದು ಕೈಗೆ ಕೊಟ್ಟ. "ಲೇಸರ್ ಇದು. ಸೆಕೆಂಡಿಗೆ ಮೂರೂವರೆ ಸಾವಿರ ಅಡಿ ದಾಟುತ್ತೆ. ಆಂಟಿಲೋಪ್‌ಗೆ ಇದಕ್ಕಿಂತ ಏನು ಬೇಕು?" ಸ್ಕೋಪು (ಗುರಿ ಹಿಡಿಯೋ ದುರ್ಬೀನು), ಎರಡು ಪೆಟ್ಟಿಗೆ ಗುಂಡು, ಎಲ್ಲ ಸೇರಿ 640 ಡಾಲರ್. ಮಾತಿಗೊಮ್ಮೆ ಬಡ್ಡಿ, ಬಡ್ಡಿ ಅನ್ನುತ್ತಿದ್ದ. ಅಸಲಿನ ಜೊತೆ ಬಡ್ಡಿನೂ ಕಿತ್ತುಕೊಂಡ ಅಂತ ಈಗ ನನ್ನ ಹೆಂಡತಿ ದಿನಾ ಆಡಿಕೊಳ್ತಾಳೆ.

ಕೊಲರಾಡೊದಲ್ಲಿ ದುಡ್ಡು ಕಟ್ಟಿದ ಮೇಲೂ ಕೋವಿ ಕೈಗೆ ಸಿಗೋಕೆ ಮೂರು ದಿನ ಕಾಯಬೇಕು. ಆ ಮೂರು ದಿನದಲ್ಲಿ ಒಂದು ಸಲ ವಯೋಮಿಂಗ್ ನಿಯಮದ ಪುಸ್ತಕ ತೆರೆದಿದ್ದರೆ ಸಾಕಿತ್ತು. ಸ್ಕೋಪ್ ಒರೆಸೋ ಬಟ್ಟೆ ಆರ್ಡರ್ ಮಾಡುತ್ತಾ ಕೂತಿದ್ದೆ.

ಮೊದಲ ದಿನ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲಿ, ಏನು ಚೆನ್ನಾಗಿ ಹೊಡೀತು ಅಂತೀರಿ! ನೂರು ಗಜದಲ್ಲಿ ಮೂರು ತೂತೂ ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ. ಫೋಟೊ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅಪ್ಪ ಹೆಬ್ಬೆರಳು ಒತ್ತಿದರು.

ಆಗಸ್ಟ್ ಕೊನೆಗೆ ನಿಯಮ ಓದಿದೆ. ವಯೋಮಿಂಗ್‌ನಲ್ಲಿ ಈ ಪ್ರಾಣಿಗೆ .22 ಅಳತೆಯ ಸೆಂಟರ್‌ಫೈರ್ (ಬುಡದ ನಡುವಿಗೆ ಪೆಟ್ಟು ಬಿದ್ದು ಸಿಡಿಯೋ ಗುಂಡಿನ) ಕೋವಿ ನಡೆಯುತ್ತದೆ, .22 ಹಾರ್ನೆಟ್ ಅನ್ನೋ ಜಾತಿ ಒಂದು ಬಿಟ್ಟು. ಆದರೆ ಗುಂಡಿನ ತೂಕ ಕಮ್ಮಿ ಅಂದರೂ 60 ಗ್ರೇನ್ ಇರಬೇಕು. ಅಂದರೆ ನಾಲ್ಕು ಗ್ರಾಂಗೂ ಒಂಚೂರು ಕಮ್ಮಿ. ಓಡಿಹೋಗಿ ಪೆಟ್ಟಿಗೆ ನೋಡಿದೆ. 55 ಗ್ರೇನ್. ಪೆಟ್ಟಿಗೆ ಮೇಲೆ ಪ್ರೇರಿ ಡಾಗ್ ಚಿತ್ರ. ನಮ್ಮೂರ ಹೆಗ್ಗಣದಷ್ಟು ಪ್ರಾಣಿ ಅದು! ಆ ಗುಂಡಿನ ಹೊದಿಕೆ ತೆಳು, ತಾಗಿದ ಕೂಡಲೇ ಚೂರಾಗಲಿ ಅಂತಲೇ ಮಾಡಿರೋದು. ಪ್ರಾಂಗ್‌ಹಾರ್ನ್ ಭುಜದ ಮೂಳೆಗೆ ಬಿದ್ದರೆ ಮೇಲೇ ಸಿಡಿದು ಗಾಯ ಮಾಡುತ್ತದೆ, ಒಳಗೆ ಹೋಗಲ್ಲ. ಆಮೇಲೆ ಆ ಗಾಯ ಹೊತ್ತುಕೊಂಡು ಅದು ಓಡಿದರೆ ನಾನೆಲ್ಲಿ ಹುಡುಕಲಿ?

ಅಂಗಡಿಯವನಿಗೆ ಫೋನ್ ಮಾಡಿದೆ. "ಓ, ಹಾಗಾದ್ರೆ ಭಾರದ ಗುಂಡು ಹಾಕು, ಸಿಂಪಲ್" ಅಂದ. ತಾನೇ ರೀಲೋಡ್ ಮಾಡಿದ (ಖಾಲಿ ತೋಟಾಗೆ ಮತ್ತೆ ಮದ್ದು, ಗುಂಡು ತುಂಬಿದ) 75 ಗ್ರೇನ್‌ನ ಇಪ್ಪತ್ತು ಗುಂಡು ಕೊಟ್ಟ. ಮತ್ತೆ 50 ಡಾಲರ್. ಕೊಟ್ಟೆ. ಹೌದು, ಮತ್ತೆ ಅವನ ಹತ್ತಿರವೇ ಹೋಗಿ ಕೊಟ್ಟೆ.

ನೂರು ಗಜದಲ್ಲಿ ಐದು ಗುಂಡು ಹೊಡೆದೆ. ಹಾಳೆಗೆ ಬಿದ್ದಿದ್ದು ಎರಡೇ. ಹತ್ತಿರ ಹೋಗಿ ನೋಡಿದರೆ ತೂತು ದುಂಡಗಿಲ್ಲ. ಸೌತೆಬೀಜದ ಥರ ಉದ್ದುದ್ದ. ಒಂದರ ಅಂಚಿನಲ್ಲಿ ಗುಂಡಿನ ಮೂತಿ, ಬುಡ, ಎರಡೂ ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು. ಗುಂಡು ಗಾಳಿಯಲ್ಲಿ ಲಾಗ ಹೊಡೆದು ಅಡ್ಡಡ್ಡ ಹೋಗಿ ಬಡಿದಿದೆ. ಹಾಳೆ ಹಿಡಿದುಕೊಂಡು ಸುಮ್ನೆ ನಿಂತೆ. ಪಕ್ಕದ ಬೆಂಚಿನ ಮುದುಕ ಇಣುಕಿ ನೋಡಿ, "ಟ್ವಿಸ್ಟ್ ಎಷ್ಟು?" ಅಂತ ಕೇಳಿದ. ಅಂದರೆ ಏನು ಅಂತ ಕೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೂ ವಾಸಿ ಇತ್ತು.

ಕೋವಿ ಖಾಲಿ ಇದೆಯಾ ಅಂತ ನೋಡಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚೋ ಭಾಗ) ತೆಗೆಸಿ, ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ತಳ್ಳಿಸಿದ. ರಾಡಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ. ನಿಧಾನವಾಗಿ ಎಳೆದರೆ ಬಟ್ಟೆ ಸುರುಳಿ ಹಿಡಿದು ತಿರುಗುತ್ತದೆ, ಜೊತೆಗೆ ರಾಡೂ ತಿರುಗುತ್ತದೆ. ಒಂದು ಸುತ್ತು ಪೂರ್ತಿ ಆಗೋ ಹೊತ್ತಿಗೆ 14 ಇಂಚು ಹೊರಗೆ ಬಂದಿತ್ತು. ಅಷ್ಟು ನಿಧಾನದ ಸುರುಳಿ 55 ಗ್ರೇನ್ ಆಸುಪಾಸಿನ ಗಿಡ್ಡ ಗುಂಡಿಗೆ ಸರಿ. ದಪ್ಪ ಅಷ್ಟೇ ಇದ್ದು ತೂಕ ಜಾಸ್ತಿ ಆದರೆ ಗುಂಡು ಉದ್ದ ಆಗುತ್ತದೆ, ಉದ್ದ ಆದರೆ ಇನ್ನೂ ಜೋರಾಗಿ ತಿರುಗಬೇಕು. ಹಳೇ .22-250ಗಳಲ್ಲಿ ಹೆಚ್ಚಿನವು ಹೀಗೇ ಅಂತೆ. ಮುದುಕನಿಗೆ ಗೊತ್ತು. ಗುಂಡು ತುಂಬೋ ಅಂಗಡಿಯವನಿಗೆ ಗೊತ್ತಿಲ್ಲವಾ?

ಮತ್ತೆ ಅಂಗಡಿಯವನಿಗೆ ಫೋನ್ ಹಚ್ಚಿದೆ. ಅವನ ಉತ್ತರಗಳನ್ನ ಇದ್ದ ಹಾಗೇ ಹೇಳುತ್ತೇನೆ. ಮೊದಲು, "ಕೋವಿಯಲ್ಲಿ ಏನೂ ತಪ್ಪಿಲ್ಲ, ಮೊದಲ ಗುಂಡಲ್ಲಿ ಚೆನ್ನಾಗಿ ಹೊಡೀತು ಅಂತ ನೀನೇ ಹೇಳಿದ್ದೆ." ಆಮೇಲೆ, "ಗುಂಡು ವಾಪಸ್ ತಗೊಳಲ್ಲ." ಆಮೇಲೆ, "ನಿಯಮ ಓದಬೇಕಾದವನು ಬೇಟೆಗಾರ." ಈ ಮೂರನೇದು ನಿಜ, ಅದಕ್ಕೇ ಜಾಸ್ತಿ ಉರಿಯೋದು. ಕೊನೆಗೆ ದೊಡ್ಡ ಉಪಕಾರ ಮಾಡೋನ ಥರ ಅಂದ: "300 ಡಾಲರಿಗೆ ನಾನೇ ವಾಪಸ್ ತಗೋತೀನಿ, ನೀನು .243 ತಗೊಂಡು ಹೋಗು. ಒದೆತ ಏನೂ ಇಲ್ಲ, ಚಿಕ್ಕ ಹುಡುಗರೂ ಹೊಡೀತಾರೆ."

ಅದೇ .243! ನಿನ್ನ ಭುಜಕ್ಕೆ ಆಗಲ್ಲ ಅಂದಿದ್ದನಲ್ಲ, ಅದೇ. ಫೋನ್ ಇಟ್ಟುಬಿಟ್ಟೆ.

ಇನ್ನೊಂದು ಕೇಳಿ. ಕೊಲರಾಡೊದಲ್ಲಿ ಪ್ರಾಂಗ್‌ಹಾರ್ನ್‌ಗೆ .24ಕ್ಕಿಂತ ಚಿಕ್ಕದು ನಡೆಯೋದೇ ಇಲ್ಲ, ಗುಂಡು 70 ಗ್ರೇನ್ ಆದರೂ ಬೇಕು. ಅಂದರೆ ಈ ಕೋವಿ ಹಿಡಿದು ನಾನು ನನ್ನ ರಾಜ್ಯದಲ್ಲೇ ಪ್ರಾಂಗ್‌ಹಾರ್ನ್ ಆಗಲಿ ಜಿಂಕೆ ಆಗಲಿ ಹೊಡೆಯೋ ಹಾಗಿಲ್ಲ. ಕೋವಿ ಕೊಳ್ಳೋ ಫಾರ್ಮಿನಲ್ಲಿ ನನ್ನ ಕೊಲರಾಡೊ ವಿಳಾಸ ಓದಿ, ಸಹಿ ಹಾಕಿಸಿಕೊಂಡವನೂ ಆ ಅಂಗಡಿಯವನೇ.

ನೀವು ಏನು ಮಾಡಬೇಕು ಅಂದರೆ, ಅಂಗಡಿಗೆ ಹೋಗೋ ಮುಂಚೆ ನೀವು ಬೇಟೆಯಾಡೋ ರಾಜ್ಯದ ನಿಯಮ ಓದಿ. ಟ್ವಿಸ್ಟ್ ಎಷ್ಟು ಅಂತ ಕೇಳಿ, ಹೇಳದಿದ್ದರೆ ಅಲ್ಲೇ ರಾಡ್ ಹಾಕಿ ಅಳೆಯಿರಿ, ಅಳೆಯೋಕೆ ಬಿಡಲ್ಲ ಅಂದರೆ ಎದ್ದು ಬನ್ನಿ. ಪೆಟ್ಟಿಗೆ ಮೇಲೆ ಹೆಗ್ಗಣದಂಥದ್ದು ಕಂಡರೆ ದೊಡ್ಡ ಪ್ರಾಣಿಗೆ ಅದನ್ನ ಮುಟ್ಟಬೇಡಿ. ನನ್ನ ಕೇಳಿದರೆ .22 ಸಹವಾಸವೇ ಬೇಡ, .243ಗೆ 85ರಿಂದ 100 ಗ್ರೇನ್‌ನ ಗಟ್ಟಿ ಗುಂಡು ತಗೊಳ್ಳಿ. ಮತ್ತೆ, ಯಾರಾದರೂ ಬಡ್ಡಿ ಅಂದರೆ ಪರ್ಸ್ ಮೇಲೆ ಕೈ ಇಟ್ಟುಕೊಳ್ಳಿ.

ಅಕ್ಟೋಬರಿನಲ್ಲಿ ಆಫೀಸಿನ ಗೆಳೆಯನ .243 ಎರವಲು ತಗೊಂಡು ಹೋದೆ. 180 ಗಜ, ಒಂದೇ ಈಡು, ನಾಲ್ಕು ಹೆಜ್ಜೆ ಇಟ್ಟು ಬಿತ್ತು. ಭುಜಕ್ಕೆ ಏನೂ ಆಗಲಿಲ್ಲ. ವಾಪಸ್ ಬರುವಾಗ ಅಂಗಡಿಯವನ ಮೆಸೇಜ್ ಬಂತು: "ಬೇಟೆ ಹೇಗಾಯ್ತು ಬಡ್ಡಿ? ಫೋಟೊ ಕಳಿಸು, ಅಂಗಡಿ ಗೋಡೆಗೆ ಹಾಕ್ತೀವಿ."

ಆ ಸೌತೆಬೀಜದ ಹಾಳೆ ಇನ್ನೂ ಕಾರಿನಲ್ಲೇ ಇತ್ತು. ಅದರ ಫೋಟೊ ಕಳಿಸಿದೆ. ನೋಡಿದ್ದಾನೆ, ಉತ್ತರ ಇಲ್ಲ.